ಒರತೆಯಿಲ್ಲದ ನೀರು

ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬಾವಿಯಿದೆ. ತೀರ್ಥಹಳ್ಳಿಯ ಕಡೆಯ ಹಳೆಯ ಮನೆಗಳ ಬಾವಿಗಳಂತೆ ಅದೂ ಜಂಬಿಟ್ಟಿಗೆಯ ನೆಲವನ್ನು ಕಡಿದು ಇಳಿಸಿ, ಮೇಲೆ ದಂಡೆ ಕಟ್ಟಿ, ರಾಟೆ ಹೂಡಿದ ಸಾಧಾರಣ ಬಾವಿ. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ ತಳ ಕಾಣುವ ಹೊತ್ತಿಗೆ, ಅದರ ಕಸ ತೆಗೆಸುವುದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಇಬ್ಬರು ಹಗ್ಗ ಹಿಡಿದು ಇಳಿಯುತ್ತಿದ್ದರು. ಮೇಲಿದ್ದವರು ಕೆಸರಿನ ಬುಟ್ಟಿಗಳನ್ನು ಎಳೆದು ಬಾಳೆಯ ಬುಡಕ್ಕೆ ಸುರಿಯುತ್ತಿದ್ದರು. ಕೆಸರಿನೊಡನೆ ಕಳೆದುಹೋಗಿದ್ದ ಚೊಂಬು, ಮಕ್ಕಳ ಚೆಂಡು, ಒಂದು ವರ್ಷ ನಮ್ಮ ಸೋದರತ್ತೆಯ ಮೂಗುಬೊಟ್ಟು ಕೂಡ ಮೇಲೆ ಬಂದದ್ದುಂಟು. ಕಡೆಯಲ್ಲಿ ಒಂದಿಷ್ಟು ಸುಣ್ಣ ಎರಚಿ ಅವರು ಮೇಲೆ ಬರುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಮರುದಿನ ಬೆಳಗ್ಗೆ ಬಗ್ಗಿ ನೋಡಿದರೆ ಒರತೆಯಿಂದ ಜಿನುಗಿದ ಹೊಸ ನೀರು ಮೊಣಕಾಲುದ್ದ ನಿಂತಿರುತ್ತಿತ್ತು. ಅಲ್ಲಿಂದ ಮುಂದಿನ ಬೇಸಗೆಯವರೆಗೆ ಬಾವಿಯ ಯೋಚನೆ ಯಾರಿಗೂ ಇಲ್ಲ.

ನೀರನ್ನು ಶುಚಿಯಾಗಿಡುವುದೆಂದರೆ ಇಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನಾದರೂ, ಕಪ್ಪು ಹಲಗೆಯ ಮೇಲೆ ಬರೆದ ಸಮೀಕರಣಗಳಿಗೂ ಮನೆಯ ಹಿಂದಿನ ನೀರಿಗೂ ಸಂಬಂಧವಿದೆ ಎಂಬುದನ್ನು ನನಗೆ ಕಲಿಸಿದ್ದು ಬೆಂಗಳೂರಿನಲ್ಲಿರುವ ಮಗಳ ಮನೆಯ ಈಜುಕೊಳ.

ಆ ಕೊಳದ ಬಗ್ಗೆ ಮೊದಲಿನಿಂದಲೂ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನಗರದ ಹೊರವಲಯದಲ್ಲಿ ಮನೆ ಕಟ್ಟಿಸಿದಾಗ ಅಳಿಯಂದಿರು ಹಿತ್ತಿಲಲ್ಲಿ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕೊಳವನ್ನು ಕಟ್ಟಿಸಿದರು. ಒಂದು ತುದಿಯಲ್ಲಿ ಎದೆಮಟ್ಟ, ಇನ್ನೊಂದು ತುದಿಯಲ್ಲಿ ಅದಕ್ಕಿಂತ ತುಸು ಹೆಚ್ಚು ಆಳ. ಸರಾಸರಿ ಒಂದೂಕಾಲು ಮೀಟರ್ ಎಂದಿಟ್ಟುಕೊಂಡರೆ ನಲವತ್ತು ಸಾವಿರ ಲೀಟರ್ ನೀರಾಯಿತು. ತೆಂಗು ಹಾಕಬಹುದಾಗಿದ್ದ ಜಾಗ! ಆದರೆ ಮೊಮ್ಮಗನಿಗೆ ಈಜು ಬರಬೇಕು. ತುಂಗೆಯಲ್ಲಿ ಈಜು ಕಲಿತ ಅಜ್ಜನಿಗೆ ಆಕ್ಷೇಪಿಸುವ ನೈತಿಕ ಅಧಿಕಾರವಿರಲಿಲ್ಲ. ಸುಮ್ಮನಾದೆ.

2024ರ ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋದಾಗ ಬೆಂಗಳೂರು ಬಾಯಾರಿ ಕುಳಿತಿತ್ತು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ಕೊಳವೆಬಾವಿಗಳು ಒಂದೊಂದಾಗಿ ಬತ್ತಿದ್ದವು. ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ಎತ್ತಿ ತರುವ ಕಾವೇರಿಯ ನೀರು ಹೊರವಲಯದ ಬಡಾವಣೆಗಳಿಗೆ ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ. ಮಾರ್ಚ್ ತಿಂಗಳಲ್ಲಿಯೇ ಜಲಮಂಡಲಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ, ಅದಾದ ಕೆಲವೇ ದಿನಗಳಲ್ಲಿ ಈಜುಕೊಳಗಳಿಗೆ ತುಂಬುವುದನ್ನೂ ನಿಷೇಧಿಸಿ, ತಪ್ಪಿದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಸಾರಿತ್ತು. ಮಗಳ ಮನೆಯ ಬೀದಿಯ ಕೊನೆಯಲ್ಲಿ ಕಟ್ಟಡದ ಕೆಲಸಗಾರರ ಶೆಡ್ಡುಗಳು. ಅಲ್ಲಿ ಬೆಳಗಿನ ಜಾವಕ್ಕೇ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಟ್ಯಾಂಕರಿನ ನಿರೀಕ್ಷೆಯಲ್ಲಿ.

ಇಂಥ ಹೊತ್ತಿನಲ್ಲಿ ಕೊಳ ಹಸಿರಾಗಿತ್ತು. ಮಕ್ಕಳ ರಜೆಯೆಂದು ಮನೆಯವರೆಲ್ಲ ಮೂರು ವಾರ ಊರಿನಲ್ಲಿದ್ದರು. ವಿದ್ಯುತ್ತಿನ ಏರಿಳಿತದಿಂದ ಮೋಟಾರು ನಿಂತದ್ದು ಯಾರಿಗೂ ತಿಳಿದಿರಲಿಲ್ಲ. ಗೋಡೆಯಾಚೆಯ ಹೊಂಗೆಯ ಮರ ತನ್ನ ಹೂವನ್ನೆಲ್ಲ ಉದಾರವಾಗಿ ನೀರಿಗೆ ಅರ್ಪಿಸಿತ್ತು. ಎರಡನೆಯ ಮೆಟ್ಟಿಲಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಒಂದು ಕಪ್ಪೆ ನಮ್ಮನ್ನು ಅತಿಥಿಗಳನ್ನು ನೋಡುವಂತೆ ನೋಡಿತು. ಅಂಚಿನ ನೀರಿನಲ್ಲಿ ಸೊಳ್ಳೆಯ ಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು.

ಕೊಳ ಕಟ್ಟಿದ ಗುತ್ತಿಗೆದಾರರು ಬಂದು ಒಂದು ನಿಮಿಷ ನೋಡಿ, “ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರು ತುಂಬಿಸಿಬಿಡಿ ಸಾರ್. ಏಳು ಟ್ಯಾಂಕರ್ ಸಾಕು. ಎರಡು ದಿನದ ಕೆಲಸ,” ಎಂದರು. ಅಳಿಯಂದಿರು ನನ್ನ ಮುಖ ನೋಡಿದರು. ನಾನು ಬೀದಿಯ ಕೊನೆಯ ಕೊಡಗಳ ಸಾಲನ್ನು ನೆನೆದೆ.

“ಬೇಡ,” ಎಂದೆ. “ಇದೇ ನೀರನ್ನು ತಿಳಿಮಾಡಲು ಆಗುತ್ತದೋ ನೋಡೋಣ.”

“ಮಾವ, ಈ ನೀರನ್ನು ಉಳಿಸಿದರೂ ಅದು ಆ ಜನಕ್ಕೆ ಕುಡಿಯಲು ಬರುವುದಿಲ್ಲವಲ್ಲ.”

“ಇದು ಬರುವುದಿಲ್ಲ, ನಿಜ. ಆದರೆ ಇದರ ಬದಲು ನೀವು ತರಿಸುವ ಏಳು ಟ್ಯಾಂಕರ್ ಬರುತ್ತದಲ್ಲ?”

ಅವರು ಮಾತನಾಡಲಿಲ್ಲ. ಒಂದು ಮಗುವಿನ ಈಜಿಗಾಗಿ ನಲವತ್ತು ಸಾವಿರ ಲೀಟರ್ ನೀರನ್ನು ಹಿಡಿದಿಡುವುದು ನ್ಯಾಯವೇ ಎಂಬ ಮೂಲಪ್ರಶ್ನೆ ಇಬ್ಬರ ನಡುವೆಯೂ ಹಾಗೆಯೇ ಉಳಿಯಿತು, ಇಂದಿಗೂ ಉಳಿದಿದೆ. ಆದರೆ ಕಟ್ಟಿದ್ದಾಗಿದೆ, ತುಂಬಿದ್ದಾಗಿದೆ. ಇನ್ನು ಅದನ್ನು ಚೆಲ್ಲದೆ ಕಾಯುವುದೊಂದೇ ಮರ್ಯಾದೆಯ ದಾರಿ ಎಂದು ನನಗೆ ತೋರಿತು. ಪೂರ್ತಿ ಖಾಲಿ ಮಾಡುವುದರಲ್ಲಿ ಬೇರೊಂದು ಅಪಾಯವೂ ಉಂಟು. ನೆಲದಡಿ ನೀರಿನ ಮಟ್ಟ ಮೇಲಿದ್ದ ಕಾಲದಲ್ಲಿ ಬರಿದಾದ ಕೊಳ ದೋಣಿಯಂತೆ ಮೇಲಕ್ಕೆದ್ದು ಬಿರುಕುಬಿಡುವುದುಂಟು; ಬಿಸಿಲಿನಲ್ಲಿ ಒಣಗಿದರೆ ಹೆಂಚುಬಿಲ್ಲೆಗಳು ಕಳಚುತ್ತವೆ.

ತುಂಬುವುದು, ಕೊಳೆತಾಗ ಚೆಲ್ಲುವುದು: ಮನುಷ್ಯನು ಸಾವಿರಾರು ವರ್ಷ ಹೀಗೆಯೇ ಮಾಡಿದ್ದಾನೆ. ಮೊಹೆಂಜೊದಾರೊವಿನ ಮಹಾಸ್ನಾನಗೃಹ ಸುಮಾರು ಹನ್ನೆರಡು ಮೀಟರ್ ಉದ್ದ, ಏಳು ಮೀಟರ್ ಅಗಲ, ಎರಡೂವರೆ ಮೀಟರಿನಷ್ಟು ಆಳ. ನೀರು ಸೋರದಂತೆ ಇಟ್ಟಿಗೆಯ ಹಿಂದೆ ರಾಳದಂಥ ಡಾಂಬರನ್ನು ಬಳಿದಿದ್ದರು. ನೀರು ಹೊರಹೋಗಲು ಆಳೆತ್ತರದ ಕಾಲುವೆಯಿತ್ತು. ಹಂಪೆಯ ಅರಮನೆಯ ಆವರಣದಲ್ಲಿ, ಮಹಾನವಮಿ ದಿಬ್ಬದ ಬಳಿ ಅಗೆದು ತೆಗೆದ ಕರಿಕಲ್ಲಿನ ಪುಷ್ಕರಣಿಗೆ ಕಲ್ಲಿನ ದೋಣಿಗಳ ಮೇಲೆ ನೀರು ಹರಿದು ಬರುತ್ತಿತ್ತು. ಒಂದೇ ನೀರನ್ನು ಸೋಸಿ, ಶುದ್ಧಿಮಾಡಿ, ಮತ್ತೆ ಮತ್ತೆ ಬಳಸುವ ವಿದ್ಯೆ ತೀರ ಈಚಿನದು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಕ್ಲೋರೀನಿನ ಪುಡಿಯಿಂದ ನೀರನ್ನು ಶುದ್ಧಿಮಾಡಿ ನೋಡಿದ್ದು 1910ರಲ್ಲಿ.

ಅಂಗಡಿಯಿಂದ ಒಂದು ಪರೀಕ್ಷೆಯ ಪೆಟ್ಟಿಗೆಯನ್ನು ತರಿಸಿದೆ. ಎರಡು ಪುಟ್ಟ ಗಾಜಿನ ಕೊಳವೆ, ಕೆಲವು ಮಾತ್ರೆ, ಬಣ್ಣದ ಒಂದು ಪಟ್ಟಿ. ವಾಚಕರಿಗೆ ಪಿ.ಎಚ್. ಎಂಬ ಅಳತೆ ಗೊತ್ತೇ ಇದೆ; ಅದನ್ನು 1909ರಲ್ಲಿ ಲೋಕಕ್ಕೆ ಕೊಟ್ಟ ಸೊರೆನ್ಸನ್ ಡೆನ್ಮಾರ್ಕಿನ ಒಂದು ಬಿಯರ್ ಕಾರಖಾನೆಯ ಪ್ರಯೋಗಾಲಯದಲ್ಲಿದ್ದನೆಂಬುದನ್ನು ಮಾತ್ರ ನಾನು ತರಗತಿಯಲ್ಲಿ ಹೇಳುತ್ತಿರಲಿಲ್ಲ. ಕೊಳದ ನೀರು 7.2ರಿಂದ 7.8ರೊಳಗೆ ಇರಬೇಕು. ನಮ್ಮ ಕಣ್ಣೀರಿನದೂ ಸುಮಾರು 7.4, ಆದ್ದರಿಂದಲೇ ಆ ಮೇರೆಯೊಳಗೆ ಕಣ್ಣು ಉರಿಯುವುದಿಲ್ಲ. ಪಟ್ಟಿಯಲ್ಲಿದ್ದ ಕಡೆಯ ಬಣ್ಣ 8.2ರದು. ನಮ್ಮ ನೀರು ಅದನ್ನೂ ದಾಟಿ ಕುಂಕುಮದ ನೀರಿನಂತೆ ಕೆಂಪಾಯಿತು. ಕಾರಣ ಪಾಚಿಯೇ. ಅದು ಹಗಲೆಲ್ಲ ನೀರಿನಲ್ಲಿ ಕರಗಿರುವ ಇಂಗಾಲಾಮ್ಲವನ್ನು ಉಣ್ಣುತ್ತದೆ. ಉಂಡಷ್ಟೂ ನೀರು ಕ್ಷಾರದ ಕಡೆಗೆ ವಾಲುತ್ತದೆ.

ಹಾಗೆ ವಾಲಿದ ನೀರಿಗೆ ಎಷ್ಟು ಕ್ಲೋರೀನ್ ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನೀರಿಗೆ ಬಿದ್ದ ಕ್ಲೋರೀನ್ ಹೈಪೊಕ್ಲೋರಸ್ ಆಮ್ಲದ ರೂಪದಲ್ಲಿದ್ದಾಗಲೇ ಕ್ರಿಮಿಗಳನ್ನು ಚುರುಕಾಗಿ ಕೊಲ್ಲುವುದು. ಪಿ.ಎಚ್. 7.5 ಇದ್ದಾಗ ಸುಮಾರು ಅರ್ಧಪಾಲು ಆ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಪಾಲು. ಎಂಟೂವರೆಗೆ ಹತ್ತರಲ್ಲೊಂದು ಪಾಲು. ಹತ್ತು ರೂಪಾಯಿಯ ಮದ್ದಿನಲ್ಲಿ ಒಂಬತ್ತು ರೂಪಾಯಿ ಸೋಮಾರಿಯಾಗಿ ಕುಳಿತಿರುತ್ತದೆ. ಆದ್ದರಿಂದ ಮೊದಲು ಆಮ್ಲ. ಬಕೆಟ್ಟಿನಲ್ಲಿ ನೀರು ಹಿಡಿದು, ಆ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಎರೆದು (ಆಮ್ಲಕ್ಕೆ ನೀರನ್ನಲ್ಲ, ಇದನ್ನು ಕೆಟ್ಟ ವಿದ್ಯಾರ್ಥಿಯೂ ಮರೆಯಬಾರದು), ಮೋಟಾರು ಓಡುತ್ತಿರುವಾಗ ಕೊಳಕ್ಕೆ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಮತ್ತೆ ಹಾಕಿ, ಎರಡು ದಿನಕ್ಕೆ 7.2ಕ್ಕೆ ಇಳಿಸಿದೆ.

ನೀರು ನೋಡಿಕೊಳ್ಳಲು ವಾರಕ್ಕೆರಡು ಸಲ ಬರುತ್ತಿದ್ದ ಹುಡುಗನೊಬ್ಬನಿದ್ದ, ರಾಯಚೂರಿನ ಕಡೆಯವನು. ನನ್ನ ಓಡಾಟವನ್ನು ಅವನು ಮೊದಲ ದಿನ ಕುತೂಹಲದಿಂದಲೂ ಎರಡನೆಯ ದಿನ ಮರುಕದಿಂದಲೂ ನೋಡಿದನು. ಮೂರನೆಯ ಸಂಜೆ ಕ್ಲೋರೀನಿನ ಪುಡಿಯನ್ನು ಅಳೆಯಲು ನಾನು ಅಲ್ಲಿದ್ದ ಮಗ್ಗನ್ನು ಕೈಗೆತ್ತಿಕೊಂಡೆ. ಅವನು ಓಡಿಬಂದು ಕೈ ಹಿಡಿದ.

“ಆ ಮಗ್ ಬ್ಯಾಡ್ರಿ ಸರ್! ಅದ್ರಾಗ ಬಿಲ್ಲಿ ಪುಡಿ ಅದ. ಬೆಂಕಿ ಹತ್ತತದರೀ.”

ನನಗೆ ಬೆವರಿಳಿಯಿತು. ಕೊಳಕ್ಕೆ ಹಾಕುವ ಕ್ಲೋರೀನ್ ಒಂದೇ ಬಗೆಯದಲ್ಲ. ಪುಡಿಯಾಗಿ ಬರುವುದು ಕ್ಯಾಲ್ಸಿಯಂ ಹೈಪೊಕ್ಲೋರೈಟ್, ನಮ್ಮ ಬಾವಿಗಳ ಚೆಲುವೆಪುಡಿಯ ಬಲಿಷ್ಠ ಅಣ್ಣ. ಬಿಲ್ಲೆಯಾಗಿ ಬರುವುದು ಟ್ರೈಕ್ಲೋರ್. ಎರಡೂ ಒಣಗಿದ್ದು ಒಂದಕ್ಕೊಂದು ಬೆರೆತು, ಅದಕ್ಕೆ ನಾಲ್ಕು ಹನಿ ನೀರು ಬಿದ್ದರೆ ಹೊತ್ತಿ ಉರಿಯಬಹುದು, ಸಿಡಿಯಲೂಬಹುದು. ಇನ್ನು ಇವುಗಳ ಮೇಲೆ ನೇರವಾಗಿ ಆಮ್ಲ ಬಿದ್ದರೆ ಹೊರಡುವುದು ಕ್ಲೋರೀನ್ ಅನಿಲ. 1915ರ ಏಪ್ರಿಲ್‌ನಲ್ಲಿ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯವು ಶತ್ರುಗಳ ಕಂದಕಗಳ ಮೇಲೆ ಹರಿಯಬಿಟ್ಟದ್ದು ಇದನ್ನೇ. ಇಷ್ಟನ್ನೂ ನಾನು ತರಗತಿಯಲ್ಲಿ ಪಾಠ ಹೇಳಿದ್ದೆ. ಮಗ್ಗನ್ನು ಮಾತ್ರ ನೋಡಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಪುಡಿಗೊಂದು ಕಪಾಟು, ಬಿಲ್ಲೆಗೊಂದು ಕಪಾಟು, ಆಮ್ಲಕ್ಕೆ ಹೊರಗಿನ ಕಟ್ಟೆ. ಒಂದರ ಪಾತ್ರೆ ಇನ್ನೊಂದಕ್ಕೆ ನಿಷಿದ್ಧ. ನಮ್ಮ ಅಜ್ಜಿಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಲೆಕ್ಕ ಸುಲಭ. ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ ಕ್ಲೋರೀನ್ ಎಂದರೆ ನಲವತ್ತು ಸಾವಿರ ಲೀಟರಿಗೆ ನಲವತ್ತು ಗ್ರಾಂ. ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರೀನ್ ನೂರಕ್ಕೆ ಅರುವತ್ತೈದು ಪಾಲು. ಆದ್ದರಿಂದ ಅರುವತ್ತೆರಡು ಗ್ರಾಂ ಪುಡಿ ಬೇಕು. ದಿನನಿತ್ಯಕ್ಕೆ ಒಂದರಿಂದ ಮೂರು ಭಾಗ ಸಾಕು. ಹಸಿರಾದ ನೀರಿಗೆ ಹತ್ತು ಭಾಗವೆಂದು ಆರುನೂರ ಇಪ್ಪತ್ತು ಗ್ರಾಂ ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಸೂರ್ಯ ಮುಳುಗಿದ ಮೇಲೆ ಸುರಿದೆವು. ರಾತ್ರಿಯೇ ಏಕೆಂದರೆ, ಬಯಲಿನಲ್ಲಿರುವ ನೀರಿನ ಕ್ಲೋರೀನನ್ನು ಬಿಸಿಲು ಎರಡು ಮೂರು ಗಂಟೆಗಳಲ್ಲಿ ಬಹುಮಟ್ಟಿಗೆ ತಿಂದುಹಾಕುತ್ತದೆ. ಹುಡುಗನೂ ನಾನೂ ಉದ್ದ ಕೋಲಿನ ಕುಂಚದಿಂದ ಗೋಡೆಗಳನ್ನು ಉಜ್ಜಿದೆವು. ಪಾಚಿ ಗೋಡೆಗೆ ಅಂಟಿಕೊಂಡಾಗ ತನ್ನ ಸುತ್ತ ಲೋಳೆಯ ಹೊದಿಕೆಯನ್ನು ಮಾಡಿಕೊಳ್ಳುತ್ತದೆ. ಅದನ್ನು ಕಿತ್ತು ನೀರಿಗೆ ತಳ್ಳದ ಹೊರತು ಮದ್ದು ತಾಗದು. ಏಣಿಯ ಹಿಂಬದಿ, ಮೆಟ್ಟಿಲಿನ ಮೂಲೆ, ದೀಪದ ಗಾಜಿನ ಅಂಚು: ನೀರು ಸುಳಿಯದ ಜಾಗಗಳಲ್ಲೆಲ್ಲ ಅದರ ಸಂಸಾರವಿತ್ತು.

ಬೆಳಗಾದಾಗ ನೋಡಿದರೆ ನೀರು ಹಾಗೆಯೇ ಹಸಿರು. ಕಪ್ಪೆ ಮಾತ್ರ ಊರು ಬಿಟ್ಟಿತ್ತು. ಎರಡನೆಯ ರಾತ್ರಿಯೂ ಅದೇ ಕಥೆ. ಗುತ್ತಿಗೆದಾರರಿಗೆ ಫೋನ್ ಮಾಡಲೇ ಎಂದು ಅಳಿಯಂದಿರು ಬಹಳ ಮರ್ಯಾದೆಯಿಂದ ಕೇಳಿದರು.

ಆಗ ಪೆಟ್ಟಿಗೆಯ ತಳದಲ್ಲಿದ್ದ, ನಾನು ಬೇಡವೆಂದು ಬಿಟ್ಟಿದ್ದ ಮೂರನೆಯ ಪರೀಕ್ಷೆಯನ್ನು ಮಾಡಿದೆ. ಕೊಳವೆಯ ತಳದಲ್ಲಿ ಒಂದು ಕಪ್ಪು ಚುಕ್ಕೆ. ನೀರಿಗೆ ಮಾತ್ರೆ ಬೆರೆಸಿದಾಗ ಮಜ್ಜಿಗೆಯ ನೀರಿನಂತೆ ಬೆಳ್ಳಗಾಗುತ್ತದೆ. ಅದನ್ನು ಸ್ವಲ್ಪಸ್ವಲ್ಪವೇ ಕೊಳವೆಗೆ ಹಾಕುತ್ತ ಮೇಲಿನಿಂದ ನೋಡಬೇಕು. ಚುಕ್ಕೆ ಮರೆಯಾದ ಮಟ್ಟವೇ ಸಯನ್ಯೂರಿಕ್ ಆಮ್ಲದ ಅಳತೆ. ನಮ್ಮ ಚುಕ್ಕೆ ತೀರ ಬೇಗ ಮರೆಯಾಯಿತು. ಅಳತೆ ನೂರು! ಮೂವತ್ತರಿಂದ ಐವತ್ತರೊಳಗೆ ಇರಬೇಕಾದ್ದು.

ಈ ಆಮ್ಲದ ಕಥೆ ಸ್ವಾರಸ್ಯವಾದದ್ದು. ಬಿಸಿಲು ಕ್ಲೋರೀನನ್ನು ತಿನ್ನದಂತೆ ಅದು ಕಾಯುತ್ತದೆ, ಒಂದು ಬಗೆಯ ಕೊಡೆಯಂತೆ. ಮಿತವಾಗಿದ್ದರೆ ಬಹಳ ಉಪಕಾರಿ. ಹೆಚ್ಚಾದರೆ ಕ್ಲೋರೀನನ್ನು ಹಿಡಿದಿಟ್ಟುಕೊಂಡು ಕೆಲಸಕ್ಕೇ ಬಿಡುವುದಿಲ್ಲ. ಟ್ರೈಕ್ಲೋರ್ ಬಿಲ್ಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಈ ಆಮ್ಲವೇ. ಬಿಲ್ಲೆ ಕರಗಿ ಹತ್ತು ಭಾಗ ಕ್ಲೋರೀನನ್ನು ಕೊಟ್ಟರೆ ಆರು ಭಾಗದಷ್ಟು ಇದನ್ನೂ ಬಿಟ್ಟುಹೋಗುತ್ತದೆ. ಕ್ಲೋರೀನ್ ಸವೆಯುತ್ತದೆ, ಇದು ಸವೆಯುವುದಿಲ್ಲ, ಆವಿಯಾಗುವುದಿಲ್ಲ, ಮರಳಿನ ಶೋಧಕದಲ್ಲಿ ನಿಲ್ಲುವುದಿಲ್ಲ. ಬಿಲ್ಲೆಯನ್ನು ತೇಲುಬುಟ್ಟಿಯಲ್ಲಿಟ್ಟರೆ ವಾರವಿಡೀ ಚಿಂತೆಯಿಲ್ಲವೆಂದು ಮನೆಯವರು ಎರಡು ವರ್ಷ ಅದನ್ನೇ ಹಾಕಿದ್ದರು. ಚಿಂತೆಯಿಲ್ಲದ ಎರಡು ವರ್ಷದ ಬಾಕಿಯೆಲ್ಲ ನೀರಿನಲ್ಲಿ ಕಣ್ಣಿಗೆ ಕಾಣದೆ ಸೇರಿಕೊಂಡಿತ್ತು. ಮೋಟಾರು ನಿಂತದ್ದು ನೆಪ ಮಾತ್ರ. ಇದನ್ನು ತಗ್ಗಿಸಲು ಮನೆಯಲ್ಲಿ ಮಾಡಬಹುದಾದ ಖಚಿತ ಉಪಾಯ ಒಂದೇ: ಇರುವ ನೀರಿನ ಒಂದು ಪಾಲನ್ನು ತೆಗೆದು ಹೊಸ ನೀರನ್ನು ಹಾಕುವುದು.

ಚೆಲ್ಲುವುದಿಲ್ಲವೆಂದು ಪ್ರತಿಜ್ಞೆ ಮಾಡಿದವನಿಗೆ ಶಾಸ್ತ್ರ ಕೊಟ್ಟ ಉತ್ತರ ಇದು. ಅಂದು ಊಟ ಸೇರಲಿಲ್ಲ.

ರಾತ್ರಿ ಯೋಚಿಸಿ ಒಂದು ರಾಜಿಗೆ ಬಂದೆ. ಮಳೆ ಬರುವವರೆಗೆ ಕ್ಲೋರೀನನ್ನೇ ಹೆಚ್ಚಿಸಿ ಹೇಗಾದರೂ ಕಾಲ ತಳ್ಳುವುದು. ಮಳೆ ಬಂದ ಮೇಲೆ ಉಳಿದದ್ದು. ಮರುರಾತ್ರಿ ಮೂರರಷ್ಟು ಪುಡಿ, ಎರಡು ಕಿಲೋಗ್ರಾಂಗೆ ತುಸು ಕಡಿಮೆ, ನೀರಿಗೆ ಬಿತ್ತು. ಬೆಳಗ್ಗೆ ಕೊಳದ ಬಣ್ಣ ಹಸಿರಿನಿಂದ ಬೂದಿಗೆ ತಿರುಗಿತ್ತು. ಪಾಚಿ ಸತ್ತಿತ್ತು.

ಸತ್ತ ಪಾಚಿಯನ್ನು ಹೊರಹಾಕುವುದು ಶೋಧಕದ ಕೆಲಸ. ಅದಕ್ಕೆ ಬೇಕಾದದ್ದು ಬರಿಯ ತಾಳ್ಮೆ. ಉಕ್ಕಿನ ಉರುಟು ಪೆಟ್ಟಿಗೆಯಲ್ಲಿ ಅರ್ಧ ಮಿಲಿಮೀಟರಿನ ಕಾಳಿನ ಮರಳು; ಮೋಟಾರು ನೀರನ್ನು ಮೇಲಿನಿಂದ ತಳ್ಳುತ್ತದೆ, ಕಸ ಮರಳಿನಲ್ಲಿ ನಿಲ್ಲುತ್ತದೆ. ಕಸ ಹೆಚ್ಚಿದಂತೆ ಮುಳ್ಳು ಏರುತ್ತದೆ. ಶುದ್ಧವಾಗಿದ್ದಾಗಿನ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂನಷ್ಟು ಏರಿದಾಗ ನೀರನ್ನು ತಿರುಗುಮುರುಗಾಗಿ ಹಾಯಿಸಿ ಮರಳನ್ನು ತೊಳೆಯಬೇಕು. ಅದಕ್ಕೆ ಮೊದಲೇ ತೊಳೆಯುವುದು ಹಲವರ ಚಟ. ತುಸು ಕೊಳೆಯಾದ ಮರಳೇ ಹೊಸ ಮರಳಿಗಿಂತ ಚೆನ್ನಾಗಿ ಸೋಸುತ್ತದೆ ಎಂಬುದು ವಿಚಿತ್ರವಾದರೂ ಸತ್ಯ. ಪಟಿಕ ಹಾಕಿದರೆ ಕದಡು ಬೇಗ ತಳಕ್ಕಿಳಿಯುತ್ತದೆಂದು ಹುಡುಗ ಹೇಳಿದ, ಅದೂ ನಿಜ. ಆದರೆ ಇಳಿದದ್ದನ್ನು ನೀರಿನ ಸಮೇತ ಹೀರಿ ಹೊರಗೆ ಬಿಡಬೇಕು. ಬೇಡವೆಂದೆ. ಮೋಟಾರು ಹಗಲಿರುಳು ಓಡಿತು. ತೊಳೆದ ನೀರನ್ನು ಡ್ರಮ್ಮುಗಳಲ್ಲಿ ಹಿಡಿದು, ಬಿಸಿಲಿನಲ್ಲಿ ಎರಡು ಮೂರು ದಿನ ಬಿಟ್ಟು, ಹೊಂಗೆಯ ಬುಡಕ್ಕೂ ಶೌಚಕ್ಕೂ ಬಳಸಿದೆವು. ಎಲ್ಲವನ್ನೂ ಹಿಡಿಯಲಾಗಲಿಲ್ಲ, ಚರಂಡಿ ಸೇರಿದ್ದೂ ಉಂಟು.

ನಾಲ್ಕನೆಯ ದಿನ ನೀರು ಹಾಲು ಬೆರೆತ ನೀಲಿಯಾಯಿತು. ಮೊಮ್ಮಗ ಚಡ್ಡಿ ತೊಟ್ಟು ಬಂದು ನಿಂತ. “ಅಜ್ಜ, ನೀಲಿ ಆಯ್ತಲ್ಲ, ಇಳೀಲಾ?” ಕ್ಲೋರೀನ್ ಇನ್ನೂ ಬಹಳ ಹೆಚ್ಚಾಗಿತ್ತು. ಅದಕ್ಕಿಂತ ಮುಖ್ಯವಾಗಿ, ತಳದ ಜಾಲರಿ ಕಾಣುತ್ತಿರಲಿಲ್ಲ. ಆಳದ ತುದಿಯ ಜಾಲರಿ ದಂಡೆಯ ಮೇಲಿಂದ ಸ್ಪಷ್ಟವಾಗಿ ಕಾಣದ ನೀರಿಗೆ ಯಾರೂ ಇಳಿಯಬಾರದು. ಮುಳುಗಿದ ಮಗು ಕೂಗುವುದಿಲ್ಲ. ಕದಡಿದ ನೀರಿನಲ್ಲಿ ಅದು ಕಾಣುವುದೂ ಇಲ್ಲ. ತುಂಗೆಯ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಳದ ಸುತ್ತ ಬೇಲಿಯೂ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲೂ ಆಗದ ಹೊರತು ನಾನು ಊರಿಗೆ ಹೊರಡುವುದಿಲ್ಲವೆಂದು ಅಂದೇ ಮಗಳಿಗೆ ಹೇಳಿದೆ. ಅಂದವನ್ನು ಕೆಡಿಸುತ್ತದೆಂದು ಮೊದಲು ಬಿಟ್ಟಿದ್ದ ಬೇಲಿ ಆ ವಾರದಲ್ಲೇ ಎದ್ದಿತು.

ಏಳನೆಯ ದಿನ ಜಾಲರಿಯ ತೂತುಗಳನ್ನು ಎಣಿಸಬಹುದಾಗಿತ್ತು. ಕ್ಲೋರೀನ್ ಇಳಿಯಲು ಇನ್ನೂ ಕೆಲವು ದಿನ ಬೇಕಾಯಿತು.

ಮೇ ತಿಂಗಳ ಕೊನೆಯಲ್ಲಿ ಮೋಡ ಕಟ್ಟತೊಡಗಿದಾಗ ಒಂದು ಮೊಳದಷ್ಟು ನೀರನ್ನು, ಎಂದರೆ ಮೂರರಲ್ಲೊಂದು ಪಾಲನ್ನು, ತೆಗೆದೆವು. ಅದಕ್ಕೆ ಮೊದಲು ಕ್ಲೋರೀನ್ ಇಳಿಯಲು ಬಿಟ್ಟಿದ್ದೆವು. ನೆಲ ತೊಳೆಯಲು, ಶೌಚಕ್ಕೆ ಆಗಬಹುದೆಂದು ತಿಳಿಸಿದಾಗ ಅಕ್ಕಪಕ್ಕದವರೂ ಶೆಡ್ಡಿನವರೂ ಬಂದು ಕೊಡಗಳಲ್ಲಿ ಹೊತ್ತರು. ಕುಡಿಯಲೂ ಅಡಿಗೆಗೂ ಕೂಡದೆಂದು ಹುಡುಗ ಎಲ್ಲರಿಗೂ ಮೂರು ಸಲ ಹೇಳಿದ. ಮಹಡಿಯ ಮೇಲಿನ ನೀರು ಇಳಿಯುವ ಕೊಳವೆಗೆ ಬಟ್ಟೆಯ ಜರಡಿ ಕಟ್ಟಿ ಕೊಳಕ್ಕೆ ತಿರುಗಿಸಿದೆವು. ಮೊದಲ ಮಳೆಯ ಧೂಳು ಹೊರಗೆ ಹೋಗಲೆಂದು ನಡುವೆ ಒಂದು ತಿರುಪು. ಜೂನ್ 2ರಂದು ಆಕಾಶ ಬಾಯ್ದೆರೆಯಿತು. ನಗರದ ವೀಕ್ಷಣಾಲಯದಲ್ಲಿ ಅಂದು ಬಿದ್ದ ಮಳೆ 111 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದ ಮಳೆಗೆ 1891ರಿಂದ ಇದ್ದ ದಾಖಲೆ ಮುರಿಯಿತೆಂದು ಮರುದಿನದ ಪತ್ರಿಕೆಗಳು ಬರೆದವು. ಅಷ್ಟು ಮಳೆಗೆ ನೂರು ಚದರ ಮೀಟರ್ ಛಾವಣಿ ಹನ್ನೊಂದು ಸಾವಿರ ಲೀಟರ್ ಕೊಡುತ್ತದೆ. ಬೆಳಗ್ಗೆ ಕೊಳ ಬಹುಮಟ್ಟಿಗೆ ತುಂಬಿತ್ತು. ಕಪ್ಪು ಚುಕ್ಕೆ ಎಪ್ಪತ್ತರ ಬಳಿ ಮರೆಯಾಯಿತು. ಮುಂದಿನ ಮಳೆಗಳಲ್ಲಿ ಇನ್ನೊಮ್ಮೆ ಹಾಗೆಯೇ ಮಾಡಿ ಐವತ್ತಕ್ಕೆ ಬಂದೆವು. ಟ್ಯಾಂಕರ್ ಒಂದೂ ಬರಲಿಲ್ಲ.

ಕೊಳದಲ್ಲಿ ಮೂಗಿಗೆ ಹೊಡೆಯುವ ವಾಸನೆ ಬಂದರೆ ‘ಕ್ಲೋರೀನ್ ಜಾಸ್ತಿಯಾಗಿದೆ’ ಎನ್ನುವುದು ವಾಡಿಕೆ. ಬಹುತೇಕ ನಿಜ ಇದಕ್ಕೆ ವಿರುದ್ಧ. ಬೆವರು, ಎಣ್ಣೆ, ಮಕ್ಕಳು ಗುಟ್ಟಾಗಿ ಮಾಡುವ ಇನ್ನೊಂದು ಕೆಲಸ, ಇವುಗಳೊಡನೆ ಕ್ಲೋರೀನ್ ಸೇರಿ ಕ್ಲೋರಮೀನುಗಳಾಗುತ್ತವೆ. ಆ ವಾಸನೆಯೂ ಕಣ್ಣುರಿಯೂ ಅವುಗಳದ್ದು. ಕೆಲಸಮಾಡುವ ಕ್ಲೋರೀನ್ ಮುಗಿಯುತ್ತ ಬಂದಿದೆಯೆಂಬುದರ ಸೂಚನೆ. ಇಳಿಯುವ ಮೊದಲು ಸ್ನಾನ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಕಲ್ಯಾಣಿಗೆ ಇಳಿಯುವ ಮುನ್ನ ಕಾಲು ತೊಳೆಯುತ್ತಿದ್ದ ನಾಡಿನವರು ಈಜುಕೊಳಕ್ಕೆ ತಲೆಗೆ ಎಣ್ಣೆ ಹಚ್ಚಿಕೊಂಡೇ ಧುಮುಕುವುದನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಭೇದಿಯಾಗುತ್ತಿರುವ ಮಗುವನ್ನಂತೂ ಇಳಿಸಲೇಬಾರದು. ಸರಿಯಾದ ಕ್ಲೋರೀನ್ ಇದ್ದರೆ ಸಾಮಾನ್ಯ ಕ್ರಿಮಿಗಳು ನಿಮಿಷಗಳಲ್ಲಿ ಸಾಯುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಒಂದು ಜೀವಿ ಮಾತ್ರ ಅದೇ ನೀರಿನಲ್ಲಿ ಹತ್ತು ದಿನ ಬದುಕಬಲ್ಲದು. 2024ರಲ್ಲಿಯೂ 2025ರಲ್ಲಿಯೂ ಕೇರಳದಲ್ಲಿ ನೀರಿನ ಅಮೀಬ ಮೂಗಿನ ಮೂಲಕ ಮಿದುಳಿಗೇರಿ ಜೀವ ತೆಗೆದದ್ದನ್ನು ಓದಿದ ಮೇಲೆ ಮಗಳು ಪರೀಕ್ಷೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಈಗ ಅಲ್ಲಿ ನಡೆಯುವುದು ಬಹಳ ಕಡಿಮೆ ಕೆಲಸ. ಬೆಳಗ್ಗೆ ಎಲೆ ತೆಗೆಯುವುದು, ಬಣ್ಣ ನೋಡುವುದು, ಸಂಜೆ ಬೇಕಾದಷ್ಟು ಪುಡಿ, ದಿನಕ್ಕೆ ಎಂಟು ಗಂಟೆ ಮೋಟಾರು, ವಾರಕ್ಕೊಮ್ಮೆ ಕುಂಚ. ಬಿಲ್ಲೆ ಊರಿಗೆ ಹೋಗುವಾಗ ಮಾತ್ರ. ಸೂರ್ಯನ ಪಾಲನ್ನು ಮಾತ್ರ ನಾವು ಮೊದಲು ಎಣಿಸಿರಲಿಲ್ಲ. ದಿನಕ್ಕೆ ಅರ್ಧ ಸೆಂಟಿಮೀಟರಿನಂತೆ ಆವಿಯಾದರೂ ಆ ಕೊಳದಿಂದ ನೂರ ಅರುವತ್ತು ಲೀಟರ್ ಹೋಗುತ್ತದೆ; ಎಂಟೊಂಬತ್ತು ತಿಂಗಳಿಗೆ ಅವನು ಕೊಳವನ್ನೊಮ್ಮೆ ಪೂರ್ತಿ ಕುಡಿದು ಮುಗಿಸುತ್ತಾನೆ. ಅದಕ್ಕೆ ಹೊದಿಕೆ ಹಾಕಿಸಿದ್ದಾರೆ. ಮುಚ್ಚಿ ತೆರೆಯುವುದು ಬೇಸರದ ಕೆಲಸ. ಅಳಿಯಂದಿರು ಗೊಣಗುತ್ತಲೇ ಮಾಡುತ್ತಾರೆ.

ಮರುವರ್ಷದ ಬೇಸಗೆಯಲ್ಲಿ ಮೊಮ್ಮಗ ನಮ್ಮೂರಿಗೆ ಬಂದ. ಜೊತೆಯಲ್ಲಿ ಪರೀಕ್ಷೆಯ ಪೆಟ್ಟಿಗೆ. ಬಾವಿಯ ಕಸ ತೆಗೆಯುವವರು ಈಗ ಸಿಕ್ಕುವುದು ಕಷ್ಟ. ಎರಡು ವರ್ಷದಿಂದ ಯಾರೂ ಇಳಿದಿರಲಿಲ್ಲ. ಅವನು ಬಾವಿಯ ನೀರನ್ನು ಕೊಳವೆಗೆ ತುಂಬಿ, ಮಾತ್ರೆ ಹಾಕಿ, ಬೆಳಕಿಗೆ ಹಿಡಿದ. ನೀರು ಅರಿಸಿನದಂತೆ ಹಳದಿಯಾಯಿತು. ಪಟ್ಟಿಯ ಮೊದಲ ಬಣ್ಣ 6.8, ನಮ್ಮ ಬಾವಿ ಅದಕ್ಕೂ ಕೆಳಗೆ. ಜಂಬಿಟ್ಟಿಗೆಯ ನೆಲದ ನೀರು ಸಾಮಾನ್ಯವಾಗಿ ಹೀಗೆಯೇ. ಅಜ್ಜನ ಕಾಲದ ಆಳುಗಳು ಕಡೆಯಲ್ಲಿ ಸುಣ್ಣವನ್ನೇ ಏಕೆ ಎರಚುತ್ತಿದ್ದರೆಂದು ನನಗೆ ಅಂದು ಹೊಳೆಯಿತು.

“ಅಜ್ಜ, ನಿಮ್ಮ ನೀರು ಫೇಲು,” ಎಂದ ಮೊಮ್ಮಗ.

ಒಳಗಿನಿಂದ ಅವನ ಅಜ್ಜಿ ಕೇಳಿಸಿಕೊಂಡರು. ಅರುವತ್ತು ವರ್ಷದಿಂದ ಅದೇ ನೀರಿನಲ್ಲಿ ಕಾಫಿ ಮಾಡಿದವರು. ಅವರು ಹೊರಗೆ ಬಂದು ಆ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಅಟ್ಟದ ಮೇಲಿಟ್ಟರು. ಮುಂದಿನ ಸೋಮವಾರ ಬಾವಿಗೆ ಇಳಿಯುವವರನ್ನು ಹುಡುಕಿಕೊಂಡು ನಾನು ಪೇಟೆಗೆ ಹೋದೆ.